ಕಾದಂಬರಿ ಮುಗಿದಿದೆ, ಕರಾರುಪತ್ರ ಬಂದಿದೆ: ಸಹಿ ಹಾಕುವ ಮೊದಲು ಏನೇನು ನೋಡಬೇಕು?

ಬಾಯಾರು ಗುಡ್ಡೆ

ಎಲ್ಲರಿಗೂ ನಮಸ್ಕಾರ. ನನ್ನ ಮೊದಲ ಕಾದಂಬರಿ ಮುಗಿದಿದೆ. ಡೆಮಿ 1/8 ಆಕಾರದಲ್ಲಿ 224 ಪುಟ ಆಗುತ್ತದೆಂದು ಪ್ರಕಾಶಕರ ಲೆಕ್ಕ.

ಕಥೆ ನಮ್ಮ ಕಡೆಯದೇ, ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರದು. ಗುಡ್ಡದ ಬುಡದ ಅಡಿಕೆ ತೋಟ, ಕನ್ನಡ ಮಾತ್ರ ಓದಬಲ್ಲ ವಯಸ್ಸಾದ ತಂದೆ, ವಿಲೇಜ್ ಆಫೀಸಿನಿಂದ ಬಂದ ಮರುಅಳತೆಯ ನೋಟೀಸು. ನೋಟೀಸು ಮಲಯಾಳದಲ್ಲಿದೆ. ಓದಿ ಹೇಳಲು ಹತ್ತಿರದಲ್ಲಿ ಸಿಗುವವನು ಒಬ್ಬನೇ, ಬೇಲಿಯ ತಕರಾರು ಇರುವ ಪಕ್ಕದ ತೋಟದವರ ಮಗ. ಅವನು ಓದಿ ಹೇಳಿದ್ದು ಪೂರ್ತಿಯೋ, ನಡುವೆ ಏನಾದರೂ ಬಿಟ್ಟನೋ ಎಂಬ ಅನುಮಾನ ಮನೆಯೊಳಗೆ ಹೊಕ್ಕು, ಮೂರು ತಲೆಮಾರು ನುಂಗಿಕೊಂಡಿದ್ದ ಮಾತುಗಳೆಲ್ಲ ಹೊರಬೀಳುತ್ತವೆ.

ಕರ್ನಾಟಕದ ಒಬ್ಬ ಪ್ರಕಾಶಕರು ಒಪ್ಪಿದ್ದಾರೆ. ಅವರ ಷರತ್ತು ಹೀಗಿದೆ: 500 ಪ್ರತಿ ಮುದ್ರಣ, ಮುಖಬೆಲೆ 250 ರೂಪಾಯಿ. ಅದರಲ್ಲಿ 150 ಪ್ರತಿಗಳನ್ನು ಶೇಕಡಾ 40 ರಿಯಾಯಿತಿಯಲ್ಲಿ ನಾನೇ ಕೊಳ್ಳಬೇಕು, ಹಣ ಮುದ್ರಣಕ್ಕೆ ಮೊದಲೇ ಕೊಡಬೇಕು. ಉಳಿದ ಪ್ರತಿಗಳ ಮಾರಾಟಕ್ಕೆ ಶೇಕಡಾ 10 ಗೌರವಧನ. ಕರಾರು ಒಂದೇ ಪುಟದ್ದು. ಅದರಲ್ಲಿರುವ ಒಂದು ವಾಕ್ಯವನ್ನು ಇದ್ದಂತೆಯೇ ಹಾಕುತ್ತಿದ್ದೇನೆ: "ಕೃತಿಯ ಮುದ್ರಣ, ಅನುವಾದ, ರೂಪಾಂತರ, ದೃಶ್ಯ-ಶ್ರವ್ಯ ಹಾಗೂ ಮುಂದೆ ಬರಬಹುದಾದ ಸಮಸ್ತ ಮಾಧ್ಯಮಗಳ ಹಕ್ಕುಗಳನ್ನು ಲೇಖಕರು ಪ್ರಕಾಶಕರಿಗೆ ಶಾಶ್ವತವಾಗಿ ವಹಿಸಿಕೊಟ್ಟಿರುತ್ತಾರೆ."

ಇದು ಎಲ್ಲ ಕಡೆ ಇರುವ ಪದ್ಧತಿಯೇ?

ಇನ್ನೊಂದು ವಿಷಯ. ಹಸ್ತಪ್ರತಿ ಓದಿದ ಅವರ ಸಲಹೆಗಾರರು, ಸಂಭಾಷಣೆಯಲ್ಲಿ ತುಳು, ಮಲಯಾಳ, ಬ್ಯಾರಿ ತುಂಬಾ ಇದೆ, ಕಲಬುರಗಿಯ ಓದುಗರಿಗೆ ಅರ್ಥವಾಗುವುದಿಲ್ಲ, ಕಡಿಮೆ ಮಾಡಿ ಎಂದಿದ್ದಾರೆ. ಮೊದಲ ಅಧ್ಯಾಯವನ್ನೂ ಉಳಿದ ಅಧ್ಯಾಯಗಳ ಸಾರಾಂಶವನ್ನೂ ಇಲ್ಲಿ ಲಗತ್ತಿಸಿದ್ದೇನೆ. ಓದಿ ನಿರ್ದಾಕ್ಷಿಣ್ಯವಾಗಿ ಹೇಳಿ.

ಮುಳ್ಳೇರಿಯ ಓದುಗ

ಅಭಿನಂದನೆಗಳು ಅಕ್ಕ. ಸಹಿ ಹಾಕಿ. ಕಾಸರಗೋಡಿನಲ್ಲಿ ಕುಳಿತು ಬರೆಯುವ ಹೊಸಬರಿಗೆ ಗಡಿಯಾಚೆಯ ಪ್ರಕಾಶಕರು ಸಿಗುವುದೇ ಕಷ್ಟ. ಮೊದಲು ಪುಸ್ತಕ ಹೊರಬರಲಿ, ಹಕ್ಕಿನ ಮಾತು ಎರಡನೆಯ ಕಾದಂಬರಿಗೆ ಇರಲಿ.

ಹೊಸಂಗಡಿ ವಕೀಲ

ಅಕ್ಕ, ದಯವಿಟ್ಟು ಈಗಲೇ ಸಹಿ ಹಾಕಬೇಡಿ. ಪ್ರತಿ ಕೊಳ್ಳುವ ಷರತ್ತಿಗಿಂತ ನೀವು ಉಲ್ಲೇಖಿಸಿದ ಆ ಒಂದು ವಾಕ್ಯ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದೆ.

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನೀವು ಬರೆದ ಕ್ಷಣದಲ್ಲೇ ಹಕ್ಕು ನಿಮ್ಮದಾಗಿದೆ. ನೋಂದಣಿ ಕಡ್ಡಾಯವಲ್ಲ. ಆ ಹಕ್ಕು ಒಂದೇ ಇಡಿ ವಸ್ತುವೂ ಅಲ್ಲ. ಅಚ್ಚು ಹಾಕುವುದು ಒಂದು ಹಕ್ಕು, ಬೇರೆ ಭಾಷೆಗೆ ಅನುವಾದಿಸುವುದು ಇನ್ನೊಂದು, ನಾಟಕ ಅಥವಾ ಸಿನಿಮಾ ಮಾಡುವುದು ಮತ್ತೊಂದು, ಓದಿ ಧ್ವನಿಮುದ್ರಿಸುವುದು ಮಗದೊಂದು. ಒಬ್ಬರಿಗೆ ಒಂದನ್ನು ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳಬಹುದು. ಪ್ರಕಾಶಕರು ಪುಸ್ತಕ ಅಚ್ಚು ಹಾಕಿ ಮಾರಲು ಬೇಕಾದದ್ದು ಮೊದಲನೆಯದು ಮಾತ್ರ. ಇ-ಪುಸ್ತಕವೂ ಬೇಕೆಂದರೆ ಅದನ್ನೂ ಸೇರಿಸಬಹುದು. ಅನುವಾದದ ಹಕ್ಕು ಅವರಿಗೆ ಏಕೆ?

ಕಾಯಿದೆಯ 19ನೆಯ ಕಲಮನ್ನು ಬರೆಯುವವರೆಲ್ಲರೂ ಓದಿಕೊಳ್ಳಬೇಕು. ಹಕ್ಕು ವಹಿಸಿಕೊಡುವುದು ಲಿಖಿತವಾಗಿಯೇ ಆಗಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ಗೌರವಧನ ಎಂಬುದೆಲ್ಲ ಅದರಲ್ಲಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಕಾನೂನು ಭಾವಿಸುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಅದು ತಾನಾಗಿ ಬಿದ್ದುಹೋಗುತ್ತದೆ. ಇವೆಲ್ಲ ಬರಹಗಾರರ ರಕ್ಷಣೆಗೆಂದೇ ಇಟ್ಟ ಏರ್ಪಾಡು. ನಿಮ್ಮ ಕರಾರಿನಲ್ಲಿ "ಶಾಶ್ವತವಾಗಿ" ಎಂದು ಬರೆದಿರುವುದರಿಂದ ಐದು ವರ್ಷದ ರಕ್ಷಣೆ ನಿಮಗೆ ಸಿಗುವುದಿಲ್ಲ. ಕೃತಿಸ್ವಾಮ್ಯ ಲೇಖಕರ ನಿಧನಾನಂತರ 60 ವರ್ಷ ಉಳಿಯುತ್ತದೆ. ಆ ಪುಟಕ್ಕೆ ಸಹಿ ಹಾಕಿದರೆ ನಿಮ್ಮ ಮಕ್ಕಳು, ಮೊಮ್ಮಕ್ಕಳು ಸಹ ನಿಮ್ಮ ಕಾದಂಬರಿಯನ್ನು ಮರುಮುದ್ರಿಸಲು ಇನ್ನೊಬ್ಬರ ಅನುಮತಿ ಕೇಳಬೇಕಾಗುತ್ತದೆ.

"ಮುಂದೆ ಬರಬಹುದಾದ ಸಮಸ್ತ ಮಾಧ್ಯಮ" ಎಂಬ ಮಾತಿಗೆ ಅಷ್ಟೊಂದು ಬಲವಿಲ್ಲ. 2012ರ ತಿದ್ದುಪಡಿಯ ನಂತರ, ಕರಾರಿನ ಹೊತ್ತಿಗೆ ಬಳಕೆಯಲ್ಲೇ ಇಲ್ಲದ ಮಾಧ್ಯಮವನ್ನು ನಿರ್ದಿಷ್ಟವಾಗಿ ಹೆಸರಿಸದಿದ್ದರೆ ಆ ಹಕ್ಕು ವರ್ಗವಾಗುವುದಿಲ್ಲ. ಆದರೆ ಸಿನಿಮಾ, ಧ್ವನಿಪುಸ್ತಕ, ಧಾರಾವಾಹಿ ಇವೆಲ್ಲ ಈಗಲೇ ಇರುವ ಮಾಧ್ಯಮಗಳು. ಅವು ಆ ವಾಕ್ಯದೊಳಗೆ ಬಂದುಬಿಡುತ್ತವೆ.

ನಮ್ಮ ಊರಿನದೇ ಉದಾಹರಣೆ ಇದೆ. ಚಂದ್ರಗಿರಿ ದಡದಿಂದ ಬಂದ ಸಾರಾ ಅಬೂಬಕ್ಕರ್ ಅವರು ತಮ್ಮ ಮೊದಲ ಕಾದಂಬರಿಯ ಕಥೆಯನ್ನು ಒಂದು ಸಿನಿಮಾ ತಮ್ಮ ಅನುಮತಿಯಿಲ್ಲದೆ ಬಳಸಿಕೊಂಡಿತೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಹಕ್ಕು ತಮ್ಮ ಕೈಯಲ್ಲೇ ಇದ್ದುದರಿಂದ ಅವರು ಆ ಮೆಟ್ಟಿಲು ಹತ್ತಬಹುದಾಯಿತು. ಎಲ್ಲವನ್ನೂ ಬರೆದುಕೊಟ್ಟವರು ಅಂಥ ಸಂದರ್ಭದಲ್ಲಿ ಪ್ರಕಾಶಕರ ಮನೆಬಾಗಿಲು ತಟ್ಟಬೇಕಾಗುತ್ತದೆ.

ಮುಳ್ಳೇರಿಯ ಓದುಗ

ವಕೀಲರೇ, ಕಾನೂನು ಸರಿ. ಆದರೆ ಪ್ರಕಾಶಕರನ್ನು ಕಳ್ಳರಂತೆ ನೋಡುವುದು ಬೇಡ. ನಾನು ಕೆಲವು ಕಾಲ ಒಂದು ಸಣ್ಣ ಪ್ರಕಾಶನದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಹೊಸ ಲೇಖಕರ 500 ಪ್ರತಿ ಮುಗಿಯುವುದಕ್ಕೆ ವರ್ಷಗಳೇ ಬೇಕು. ಅಂಗಡಿಯವರಿಗೆ ಶೇಕಡಾ 30ರಿಂದ 40ರವರೆಗೆ ಬಿಡಬೇಕು, ಅವರು ಮಾರಿದ ಮೇಲೆಯೂ ಹಣ ತಕ್ಷಣ ಬರುವುದಿಲ್ಲ. ಕರ್ನಾಟಕದ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದರೆ 300 ಪ್ರತಿ ಒಮ್ಮೆಗೇ ಹೋಗುತ್ತದೆ. ಅದನ್ನೇ ನಂಬಿಕೊಂಡು ಎಷ್ಟೋ ಮಂದಿ ಪ್ರಕಾಶನ ನಡೆಸುತ್ತಾರೆ. ಆ ಹಣ ಕೈಗೆ ಬರುವವರೆಗೆ ಕಾಗದದವನಿಗೆ, ಬೈಂಡಿಂಗಿನವನಿಗೆ ಯಾರು ಕೊಡುತ್ತಾರೆ? ಅದಕ್ಕಾಗಿಯೇ ಲೇಖಕರಿಂದ ಮುಂಗಡ ಕೇಳುತ್ತಾರೆ. ಇದರಲ್ಲಿ ಮೋಸವಿಲ್ಲ, ನಿರ್ವಾಹವಿಲ್ಲದಿರುವಿಕೆ ಇದೆ.

ಕುಂಬಳೆಯಿಂದ ಮಂಗಳೂರಿಗೆ

ನಾನು ಮಂಗಳೂರಿನಲ್ಲಿ ಪುಟವಿನ್ಯಾಸ ಮತ್ತು ಕರಡು ತಿದ್ದುವ ಕೆಲಸ ಮಾಡುತ್ತೇನೆ. ಮುಳ್ಳೇರಿಯ ಅಣ್ಣ ಹೇಳಿದ್ದು ನಿಜ, ಆದರೂ ಲೆಕ್ಕವನ್ನು ಪೂರ್ತಿಯಾಗಿ ಇಟ್ಟುನೋಡೋಣ.

150 ಪ್ರತಿ, ತಲಾ 150 ರೂಪಾಯಿಯಂತೆ 22,500 ರೂಪಾಯಿ ಅಕ್ಕನ ಕೈಯಿಂದ ಮೊದಲೇ ಹೋಗುತ್ತದೆ. ಉಳಿದ 350 ಪ್ರತಿಗಳೂ ಮಾರಾಟವಾದರೆ ಪ್ರತಿಗೆ 25 ರೂಪಾಯಿಯಂತೆ 8,750 ರೂಪಾಯಿ ಗೌರವಧನ ಬರುತ್ತದೆ. ತಮ್ಮ 150 ಪ್ರತಿಗಳನ್ನು ಅವರು ಮುಖಬೆಲೆಗೇ ಮಾರಿದರೆ 37,500 ರೂಪಾಯಿ ಆಗುತ್ತದೆ ಎಂಬುದೂ ನಿಜ. ಆದರೆ ನಮ್ಮಲ್ಲಿ ಲೇಖಕರು ತಮ್ಮ ಪ್ರತಿಗಳನ್ನು ಮಾರುವುದಕ್ಕಿಂತ ಗೌರವಪ್ರತಿಯಾಗಿ ಹಂಚುವುದೇ ಹೆಚ್ಚು. ಬಿಡುಗಡೆಯ ದಿನ ವೇದಿಕೆಯ ಮೇಲಿದ್ದವರಿಗೆ, ನೆಂಟರಿಗೆ, ವಿಮರ್ಶೆ ಬರೆಯುತ್ತೇನೆಂದವರಿಗೆ ಕೊಟ್ಟು ಮುಗಿಯುತ್ತದೆ.

ಮುದ್ರಣದ ಕಡೆಯಿಂದ ನೋಡಿದರೆ 224 ಪುಟವೆಂದರೆ 16 ಪುಟದ 14 ಫಾರಂ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು 300 ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಆದ್ದರಿಂದಲೇ ಕಡಿಮೆ ಪ್ರತಿ ಹಾಕಿದರೆ ಒಂದೊಂದರ ಬೆಲೆ ಏರುತ್ತದೆ. ಡಿಜಿಟಲ್ ಮುದ್ರಣದಲ್ಲಿ ಆ ತೊಂದರೆ ಇಲ್ಲ, ಐವತ್ತು ಪ್ರತಿ ಬೇಕೆಂದರೆ ಐವತ್ತೇ ಹಾಕಿಸಬಹುದು, ಮುಗಿದ ಮೇಲೆ ಮತ್ತೆ ಹಾಕಿಸಬಹುದು. ಸ್ವಂತ ಹಣ ಹಾಕುವುದೇ ಆದರೆ ಆ ಹಣಕ್ಕೆ ಪುಸ್ತಕವೂ ನಿಮ್ಮದಾಗಬೇಕು, ಹಕ್ಕೂ ನಿಮ್ಮದಾಗಿರಬೇಕು. ಹಣವನ್ನೂ ಕೊಟ್ಟು ಹಕ್ಕನ್ನೂ ಕೊಡುವುದು ಯಾವ ವ್ಯಾಪಾರದಲ್ಲಿಯೂ ಇಲ್ಲ.

ತಾನೇ ಪ್ರಕಟಿಸುವುದು ಕೀಳೆಂಬ ಭಾವನೆ ಹೊಸಬರಲ್ಲಿ ಇದೆ. ಕುವೆಂಪು ಅವರ ಪುಸ್ತಕಗಳು ಉದಯರವಿ ಪ್ರಕಾಶನದಿಂದ ಬಂದವು, ಅದು ಅವರ ಮನೆಯದೇ. ಕಾರಂತರು ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯ ನಡೆಸಿದರು. ಸಾರಾ ಅವರು ಚಂದ್ರಗಿರಿ ಪ್ರಕಾಶನ ಕಟ್ಟಿ ತಮ್ಮ ಕೃತಿಗಳನ್ನು ತಾವೇ ತಂದರು. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಗೆ ಭಾರತದಲ್ಲಿ ಶುಲ್ಕವಿಲ್ಲ. ಅದನ್ನು ಕೊಡುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಅಂತರ್ಜಾಲದ ಮೂಲಕ ಲೇಖಕರೇ ಅರ್ಜಿ ಹಾಕಬಹುದು. ಅದಕ್ಕೆಂದು ಸಾವಿರಾರು ರೂಪಾಯಿ ಕೇಳುವವರಿದ್ದಾರೆ, ಕೊಡಬೇಡಿ.

ಬಾಯಾರು ಗುಡ್ಡೆ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ಸ್ವಂತವಾಗಿ ಮಾಡಿದರೆ ಬೆಂಗಳೂರು, ಧಾರವಾಡದ ಅಂಗಡಿಗಳಿಗೆ ತಲುಪಿಸುವವರು ಯಾರು ಎಂಬುದೇ ನನ್ನ ಚಿಂತೆ. ಈ ಪ್ರಕಾಶಕರಿಗೆ ಆ ಸಂಪರ್ಕವಿದೆ. ಅದಕ್ಕಾಗಿ ಅವರನ್ನು ಬಿಡಲು ಮನಸ್ಸಿಲ್ಲ.

ಹೊಸದುರ್ಗದಿಂದ

ನಾನು ಮಲಯಾಳದಿಂದ ಕನ್ನಡಕ್ಕೆ, ಕನ್ನಡದಿಂದ ಮಲಯಾಳಕ್ಕೆ ಎರಡೂ ಕಡೆ ಅನುವಾದ ಮಾಡುವವಳು. ಆದ್ದರಿಂದ ಈ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಗಡಿನಾಡಿನ ಬರಹಗಾರರು ಬೇರೆ ಯಾವುದನ್ನು ಕೊಟ್ಟರೂ ಅನುವಾದದ ಹಕ್ಕನ್ನು ಕೊಡಬಾರದು. ಮೈಸೂರಿನ ಕಾದಂಬರಿಕಾರರಿಗೆ ಅದು ದೂರದ ಮಾತು ಇರಬಹುದು. ನಮಗೆ ಮಲಯಾಳದ ಓದುಗರು ಅದೇ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತಿದ್ದಾರೆ. ನಿಮ್ಮ ಕಥೆಯ ನೋಟೀಸು ಬರೆದವರೂ, ಓದಿ ಹೇಳಿದವನೂ ಆ ಭಾಷೆಯವರೇ. ಈ ಕಾದಂಬರಿ ಕನ್ನಡದಲ್ಲಿ ಬಂದಷ್ಟೇ ಸಹಜವಾಗಿ ಮಲಯಾಳದಲ್ಲೂ ಬರಬೇಕಾದದ್ದು.

ಹಿಂದೆ ಹಾಗಾಗಿದೆ. ನಿರಂಜನರು ನೀಲೇಶ್ವರದ ರಾಜಾಸ್ ಹೈಸ್ಕೂಲಿನಲ್ಲಿ ಓದಿದವರು. 1941ರ ಕಯ್ಯೂರು ರೈತ ಹೋರಾಟವನ್ನು, 1943ರ ಮಾರ್ಚ್ 29ರಂದು ಗಲ್ಲಿಗೇರಿದ ನಾಲ್ವರು ತರುಣರನ್ನು ಇಟ್ಟುಕೊಂಡು ಅವರು ಕನ್ನಡದಲ್ಲಿ ಬರೆದ 'ಚಿರಸ್ಮರಣೆ' 1955ರಲ್ಲಿ ಬಂತು. ಅದು ಮಲಯಾಳಕ್ಕೆ ಹೋಗಿ, ಯಾರ ಕಥೆಯೋ ಅವರ ಮನೆಗಳನ್ನೇ ಸೇರಿತು. ಇಂದಿಗೂ ನಮ್ಮ ಕಡೆಯ ಎಷ್ಟೋ ಮಲಯಾಳಿ ಓದುಗರಿಗೆ ಅದು ಕನ್ನಡದಿಂದ ಬಂದದ್ದೆಂಬುದೇ ನೆನಪಿಲ್ಲ, ಅಷ್ಟು ತಮ್ಮದಾಗಿಸಿಕೊಂಡಿದ್ದಾರೆ. ಆ ದಾರಿ ತೆರೆದಿರಬೇಕಾದರೆ ಅನುವಾದಕರು ನೇರವಾಗಿ ಲೇಖಕರನ್ನು ಕೇಳುವಂತಿರಬೇಕು. ಒಂದು ಪುಸ್ತಕವನ್ನು ಅನುವಾದಿಸಬೇಕೆಂಬ ಆಸೆಯಿಂದ ಹೊರಟಾಗ ಹಕ್ಕು ಪ್ರಕಾಶಕರದ್ದೆಂದು ತಿಳಿಯುತ್ತದೆ. ಪ್ರಕಾಶನ ಮುಚ್ಚಿಹೋಗಿರುತ್ತದೆ, ಪತ್ರಕ್ಕೆ ಉತ್ತರವಿರುವುದಿಲ್ಲ, ಲೇಖಕರಿಗೆ ಇಷ್ಟವಿದ್ದರೂ ಒಪ್ಪಿಗೆ ಕೊಡಲಾಗುವುದಿಲ್ಲ. ನನಗೆ ಹೀಗೆ ಕೈಬಿಟ್ಟ ಪುಸ್ತಕಗಳಿವೆ, ಇಂದಿಗೂ ಸಂಕಟವಾಗುತ್ತದೆ.

ಇನ್ನೊಂದು. ಮಲಯಾಳದ ಬರಹಗಾರರು 1945ರಲ್ಲೇ ಕೋಟ್ಟಯಂನಲ್ಲಿ ಸಾಹಿತ್ಯ ಪ್ರವರ್ತಕ ಸಹಕಾರ ಸಂಘ ಕಟ್ಟಿದರು. ಹನ್ನೆರಡು ಮಂದಿ ಲೇಖಕರು, 120 ರೂಪಾಯಿ ಬಂಡವಾಳ. ತಮ್ಮ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿ ಲೇಖಕರಿಗೆ ಶೇಕಡಾ 30 ಗೌರವಧನ ಕೊಟ್ಟರು. ಮಾರಲು ನ್ಯಾಷನಲ್ ಬುಕ್ ಸ್ಟಾಲ್ ಅವರ ಕೈಯಲ್ಲಿತ್ತು. ಬರೆದು ಬದುಕಬಹುದೆಂಬ ಧೈರ್ಯ ಅಲ್ಲಿ ಅದರಿಂದ ಹುಟ್ಟಿತು. ಅಡಿಕೆಗೆ, ಹಾಲಿಗೆ, ಸಾಲಕ್ಕೆ ಸಹಕಾರ ಸಂಘ ಕಟ್ಟಿದ ನಾವು ಪುಸ್ತಕಕ್ಕೆ ಏಕೆ ಕಟ್ಟಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಉಪ್ಪಳದ ಹುಡುಗ

ಅಕ್ಕ, ಪುಸ್ತಕವೇ ಏಕೆ? ನಾನು ಅಂತರ್ಜಾಲದಲ್ಲಿ ಕಥೆ ಓದುವ, ಬರೆಯುವ ತಾಣವಾದ ಪ್ರತಿಲಿಪಿಯಲ್ಲಿ ಧಾರಾವಾಹಿ ಬರೆಯುತ್ತೇನೆ. ಕಂತು ಹಾಕಿದ ರಾತ್ರಿಯೇ ಓದುಗರ ಅಭಿಪ್ರಾಯ ಬರುತ್ತದೆ. ಚಂದಾದಾರರ ಕಡೆಯಿಂದ ಸ್ವಲ್ಪ ಹಣವೂ ಬರುತ್ತದೆ. ಬಳ್ಳಾರಿಯ ಗೃಹಿಣಿಯೊಬ್ಬರು ನನ್ನ ಕಥೆಯ ಉಪ್ಪಳ ಪೇಟೆಯನ್ನು ನೋಡಲು ಬರಬೇಕೆಂದು ಬರೆದಿದ್ದರು. ಇದಕ್ಕಿಂತ ಹೆಚ್ಚಿನದು ಏನು ಬೇಕು?

ಕುಂಬಳೆಯಿಂದ ಮಂಗಳೂರಿಗೆ

ತಮ್ಮಾ, ಓದುಗರನ್ನು ಗಳಿಸಲು ಅದು ಒಳ್ಳೆಯ ಜಾಗ. ಬರೆಯುವ ಕೈ ಪಳಗುತ್ತದೆ, ಗಡುವು ಪಾಲಿಸುವ ಅಭ್ಯಾಸ ಬರುತ್ತದೆ. ಆದರೆ ಒಂದು ಎಚ್ಚರಿಕೆ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳು ಅಪ್ರಕಟಿತ ಬರಹವನ್ನೇ ಕೇಳುತ್ತವೆ. ಅಂತರ್ಜಾಲದಲ್ಲಿ ಹಾಕಿದ್ದು ಪ್ರಕಟಿತ ಎಂದೇ ಲೆಕ್ಕ. ಹಸ್ತಪ್ರತಿ ಬಹುಮಾನಗಳಿಗೂ ಹಾಗೆಯೇ. ಎಲ್ಲವನ್ನೂ ಅಲ್ಲಿ ಸುರಿಯುವ ಮೊದಲು ಯಾವುದನ್ನು ಇಟ್ಟುಕೊಳ್ಳಬೇಕೆಂದು ಯೋಚಿಸು. ಕಂತಿಗೊಂದು ಕುತೂಹಲ ಇಟ್ಟು ಬರೆದದ್ದನ್ನು ಹಾಗೆಯೇ ಜೋಡಿಸಿ ಪುಸ್ತಕ ಮಾಡಿದರೆ ಏದುಸಿರು ಬಿಡುತ್ತಾ ಓದಬೇಕಾಗುತ್ತದೆ. ಪುಸ್ತಕಕ್ಕೆ ಮತ್ತೆ ಬರೆಯಬೇಕು.

ನೀರ್ಚಾಲು ಮಾಸ್ಟ್ರು

ಕರಾರಿನ ಮಾತು ಬಲ್ಲವರು ಹೇಳಿದ್ದಾರೆ. ನಾನು ಅಧ್ಯಾಯದ ಬಗ್ಗೆ ಬರೆಯುತ್ತೇನೆ. ನಿರ್ದಾಕ್ಷಿಣ್ಯವಾಗಿ ಎಂದು ನೀವೇ ಕೇಳಿದ್ದೀರಿ ಮಗಳೇ, ಆದ್ದರಿಂದ ಬೇಸರಿಸಿಕೊಳ್ಳಬೇಡಿ.

ಮೊದಲ ನಾಲ್ಕು ಪುಟ ತೆಗೆದುಹಾಕಿ. ಪಯಸ್ವಿನಿ ಹರಿಯುವುದು, ಬೇಕಲ ಕೋಟೆಗೆ ಅಲೆ ಬಡಿಯುವುದು, ಸಪ್ತಭಾಷೆಗಳ ಸಂಗಮ ಭೂಮಿ ಎನ್ನುವುದು, ಇವೆಲ್ಲ ಪ್ರವಾಸಿಗಳಿಗೆ ಹೇಳುವ ಮಾತು. ನಿಮ್ಮ ಕಥೆಯ ತಂದೆ ಬೇಕಲ ಕೋಟೆಯನ್ನು ನೆನೆಯುವುದೇ ಇಲ್ಲ. ಅವರಿಗೆ ಕೊಳೆರೋಗದ ಚಿಂತೆ, ಮಳೆ ಬಿಟ್ಟಾಗ ಮದ್ದು ಬಿಡುವವನು ಸಿಗದ ಚಿಂತೆ. ಐದನೆಯ ಪುಟದಲ್ಲಿ ಅವರು ನೋಟೀಸನ್ನು ಬೆಳಕಿಗೆ ಹಿಡಿದು, ಅಕ್ಷರ ಓದಲಾಗದೆ, ಅದರಲ್ಲಿರುವ ಅಂಕೆಗಳನ್ನು ಮಾತ್ರ ಓದುತ್ತಾರಲ್ಲ, ಸರ್ವೆ ನಂಬರು, ತಾರೀಕು, ಸೆಂಟ್ಸು, ಕಾದಂಬರಿ ಅಲ್ಲಿಂದ ಶುರುವಾಗಬೇಕು. ಆ ಒಂದು ಕ್ರಿಯೆಯಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಲ್ಲಿಯವರೆಗಿನ ನಮ್ಮ ಸಂಕಟವೆಲ್ಲ ಇದೆ. ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಏನು ಶಿಫಾರಸು ಮಾಡಿತೆಂದು ಎರಡನೆಯ ಅಧ್ಯಾಯದಲ್ಲಿ ಶಾಲಾ ಮಾಸ್ಟ್ರ ಬಾಯಿಂದ ಪಾಠ ಹೇಳಿಸುತ್ತೀರಂತೆ. ಬೇಡ. ಓದುಗರಿಗೆ ಆ ಅಂಕೆಗಳೇ ಸಾಕು.

ಈಗ ಸಂಭಾಷಣೆ. ಪ್ರಕಾಶಕರ ಸಲಹೆಗಾರರು ಹೇಳಿದ ಕಾರಣ ತಪ್ಪು. ಆದರೂ ಅವರು ಬೆರಳಿಟ್ಟ ಜಾಗದಲ್ಲಿ ತೊಂದರೆ ಇರುವುದು ನಿಜ. ನಿಮ್ಮ ಈ ಭಾಗ ನೋಡಿ:

"ಅಬ್ಬು ಸಾಹುಕಾರರು ಬ್ಯಾರಿ ಭಾಷೆಯಲ್ಲಿ, ಇವತ್ತು ಅಡಿಕೆಗೆ ದರ ಇಲ್ಲ ಎಂದರು. ಕಮಲಕ್ಕ ತುಳುವಿನಲ್ಲಿ, ನಿನ್ನೆಯೂ ಹೀಗೆಯೇ ಹೇಳಿದಿರಿ ಎಂದಳು. ಆಗ ಅಂಗಡಿಗೆ ಬಂದ ಅಧಿಕಾರಿ ಮಲಯಾಳದಲ್ಲಿ ಸಕ್ಕರೆ ಕೇಳಿದ. ಸಾಹುಕಾರರು ಮಲಯಾಳದಲ್ಲಿ ಉತ್ತರಿಸಿದರು."

ಇಲ್ಲಿ ಭಾಷೆಯ ಹೆಸರು ನಾಲ್ಕು ಸಲ ಬಂದಿದೆ. ಕಥೆ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ನಮ್ಮೂರಿನ ಅಂಗಡಿಯಲ್ಲಿ ನಿಂತವರಿಗೆ ಯಾರು ಯಾವ ಭಾಷೆಯಲ್ಲಿ ಮಾತನಾಡಿದರೆಂಬುದು ಗಮನಕ್ಕೇ ಬರುವುದಿಲ್ಲ. ಭಾಷೆ ಬದಲಾದಾಗ ಮಾತ್ರ ಕಿವಿ ನಿಮಿರುತ್ತದೆ. ಅಲ್ಲಿಯವರೆಗೆ ತುಳುವಿನಲ್ಲಿ ಸಲಿಗೆಯಿಂದ ಬೈದುಕೊಳ್ಳುತ್ತಿದ್ದವರು ಒಮ್ಮೆಗೇ ಶಾಲೆಯ ಕನ್ನಡಕ್ಕೆ ಬಂದರೆ ಅಲ್ಲಿ ಏನೋ ಮುರಿದಿದೆ ಎಂದು ಅರ್ಥ. ಮನೆಮಗಳು ತಾಯಿಯೊಡನೆ ಹವ್ಯಕದಲ್ಲಿ ಮಾತನಾಡುತ್ತಿದ್ದವಳು ಫೋನಿನಲ್ಲಿ ಗಂಡನೊಡನೆ ಬೇರೆ ಭಾಷೆಗೆ ಹೊರಳಿದರೆ ತಾಯಿಯ ಮುಖದಲ್ಲಿ ಏನಾಗುತ್ತದೆಂಬುದನ್ನು ನೀವು ಬರೆಯಬೇಕು. ಭಾಷೆ ಹೊರಳುವ ಜಾಗದಲ್ಲೆಲ್ಲ ಸಂಬಂಧವೂ ಹೊರಳುತ್ತದೆ. ಆ ಜಾಗಗಳನ್ನು ಮಾತ್ರ ಹೇಳಿ, ಉಳಿದೆಡೆ ನೇರವಾದ ಕನ್ನಡದಲ್ಲಿ ಸಾಗಿ.

ಹೊಸದುರ್ಗದವರು ಹೆಸರಿಸಿದ ನಿರಂಜನರ ಕಾದಂಬರಿಯನ್ನೇ ತೆಗೆದುಕೊಳ್ಳಿ. ಕಯ್ಯೂರಿನ ಆ ರೈತರು ಆಡುತ್ತಿದ್ದುದು ಮಲಯಾಳ. ಕಾದಂಬರಿಯಲ್ಲಿ ಅವರು ಕನ್ನಡ ಆಡುತ್ತಾರೆ. ಓದುವಾಗ ಯಾರಿಗಾದರೂ ಅನುಮಾನ ಬರುತ್ತದೆಯೇ? ಜನ ಅಲ್ಲಿಯವರೇ ಎಂಬ ನಂಬಿಕೆ ಅವರ ದುಡಿಮೆಯಿಂದ, ಹಸಿವಿನಿಂದ, ಒಡೆಯರ ಮುಂದೆ ನಿಲ್ಲುವ ರೀತಿಯಿಂದ ಬರುತ್ತದೆ.

ಮಂಜೇಶ್ವರದವಳು

ಮಾಸ್ಟ್ರೇ, ನಿಮ್ಮ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ, ಅರ್ಧವನ್ನು ಒಪ್ಪಲಾರೆ. ಎಲ್ಲವನ್ನೂ ನೇರವಾದ ಕನ್ನಡ ಮಾಡಿದರೆ ನಮ್ಮ ಜನರೆಲ್ಲ ಮೈಸೂರಿನವರಂತೆ ಕೇಳಿಸುತ್ತಾರೆ. ನಮ್ಮ ಮನೆಯ ವಸ್ತುಗಳ ಹೆಸರು, ಕರೆಯುವ ರೀತಿ, ಬೈಗುಳ ಇವು ನಮ್ಮದೇ ಇರಲಿ. ಜಾಲಿನಲ್ಲಿ ಅಡಿಕೆ ಹರವಿದ್ದಾರೆ, ಮಳೆ ಬಂತೆಂದು ಎಲ್ಲರೂ ಓಡಿದರು ಎಂದು ಬರೆದರೆ ಬೀದರಿನ ಓದುಗರಿಗೂ ಅದು ಮನೆಯ ಮುಂದಿನ ಜಾಗವೆಂದು ತಿಳಿಯುತ್ತದೆ. ಅಡಿಟಿಪ್ಪಣಿ ಬೇಡ, ಕೊನೆಯಲ್ಲಿ ಪದಕೋಶವೂ ಬೇಡ. ಗೋವಿಂದ ಪೈಗಳ ಊರಿನವಳಾಗಿ ಹೇಳುತ್ತೇನೆ, ಇಲ್ಲಿಯ ಕನ್ನಡವೂ ಕನ್ನಡವೇ. ಅದನ್ನು ತೊಳೆದು ಕಳುಹಿಸಬೇಕಾದ ಅಗತ್ಯವಿಲ್ಲ.

ನೀರ್ಚಾಲು ಮಾಸ್ಟ್ರು

ಒಪ್ಪಿದೆ ಅಮ್ಮಾ. ವಸ್ತುಗಳ ಹೆಸರು, ಕರೆಯುವ ರೀತಿ ಎರಡೂ ಇರಲಿ. ನನ್ನ ತಕರಾರು "ತುಳುವಿನಲ್ಲಿ ಹೇಳಿದಳು" ಎಂಬ ಫಲಕಗಳ ಬಗ್ಗೆ ಮಾತ್ರ.

ಬಾಯಾರು ಗುಡ್ಡೆ

ಮಾಸ್ಟ್ರೇ, ನಾಲ್ಕು ಪುಟ ತೆಗೆದೆ. ಹೊಟ್ಟೆ ಉರಿಯಿತು, ಆದರೆ ತೆಗೆದ ಮೇಲೆ ಅಧ್ಯಾಯ ಹಗುರವಾಗಿದೆ. ಅಂಗಡಿಯ ಭಾಗವನ್ನು ಹೀಗೆ ಮಾಡಿದ್ದೇನೆ:

"ದರ ಇಲ್ಲ ಎಂದರು ಅಬ್ಬು ಸಾಹುಕಾರರು.
ನಿನ್ನೆಯೂ ಇದನ್ನೇ ಹೇಳಿದಿರಿ.
ನಿನ್ನೆಯೂ ಇರಲಿಲ್ಲ ಕಮಲಕ್ಕ. ನಾಳೆ ಬಂದರೆ ನಾಳೆಯೂ ಹೇಳುತ್ತೇನೆ. ಕುಳಿತುಕೊಳ್ಳಿ, ಚಾ ಕುಡಿಯಿರಿ.
ಅಷ್ಟರಲ್ಲಿ ವಿಲೇಜ್ ಆಫೀಸಿನವನು ಮೆಟ್ಟಿಲು ಹತ್ತಿದ. ಸಾಹುಕಾರರು ಎದ್ದು ನಿಂತರು, ಮಲಯಾಳಕ್ಕೆ ಹೊರಳಿದರು, ಅವನು ಹೋಗುವವರೆಗೆ ಕಮಲಕ್ಕನ ಕಡೆ ತಿರುಗಲಿಲ್ಲ. ಅವಳ ಚಾ ಆರಿತು. ಅವನು ಹೋದ ಮೇಲೆ ಸಾಹುಕಾರರು ತಕ್ಕಡಿಯನ್ನು ಸರಿಪಡಿಸುತ್ತಾ ಕೇಳಿದರು: ನಿಮ್ಮ ಮನೆಗೂ ನೋಟೀಸು ಬಂತಂತೆ?"

ಹೊಸದುರ್ಗದಿಂದ

ಈಗ ನನಗೆ ಅನುವಾದಿಸಬೇಕೆನಿಸುತ್ತಿದೆ. ಇದೇ ಭಾಗದಲ್ಲಿ ಮಲಯಾಳಿ ಓದುಗರಿಗೆ ತಮ್ಮದೇ ಭಾಷೆ ಹೊರಗಿನಿಂದ ಹೇಗೆ ಕೇಳಿಸುತ್ತದೆಂಬುದು ತಿಳಿಯುತ್ತದೆ. ಅಕ್ಕ, ಆ ಹಕ್ಕು ನಿಮ್ಮಲ್ಲೇ ಇರಲಿ.

ಪೆರ್ಲ ವಾಚನಾಲಯ

ಮಾರಾಟದ ವಿಷಯದಲ್ಲಿ ಯಾರೂ ಹೇಳದ ಒಂದು ದಾರಿ ಇದೆ. ನಾವು ಕೇರಳದಲ್ಲಿದ್ದೇವೆ. ಪಿ. ಎನ್. ಪಣಿಕ್ಕರ್ 1945ರಲ್ಲಿ ಶುರುಮಾಡಿದ ಗ್ರಂಥಾಲಯ ಚಳವಳಿಯಿಂದ ಇಲ್ಲಿ ಊರೂರಿಗೆ ವಾಚನಾಲಯ ಬೆಳೆದಿದೆ. ಅವರು ತೀರಿಕೊಂಡ ಜೂನ್ 19 ನಮ್ಮಲ್ಲಿ ವಾಚನ ದಿನ. ಲೈಬ್ರರಿ ಕೌನ್ಸಿಲ್‌ಗೆ ಸೇರಿದ ವಾಚನಾಲಯಗಳಿಗೆ ಪುಸ್ತಕ ಕೊಳ್ಳಲು ವರ್ಷವರ್ಷ ಅನುದಾನ ಬರುತ್ತದೆ. ಜಿಲ್ಲಾ ಪುಸ್ತಕೋತ್ಸವದಲ್ಲಿ ಆ ಹಣದಿಂದ ಖರೀದಿ ನಡೆಯುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡ ಓದುಗರಿರುವ ವಾಚನಾಲಯಗಳ ಕಾರ್ಯದರ್ಶಿಗಳು ಅಲ್ಲಿ ಕನ್ನಡ ಮಳಿಗೆ ಹುಡುಕುತ್ತಾರೆ. ಸಿಗುವುದು ಕಡಿಮೆ. ಕರ್ನಾಟಕದ ಪ್ರಕಾಶಕರಿಗೆ ಈ ಖರೀದಿ ಇದೆಯೆಂದೇ ತಿಳಿದಿಲ್ಲ. ನೀವು ಇಟ್ಟುಕೊಳ್ಳುವ ಪ್ರತಿಗಳನ್ನು ಹಂಚಬೇಡಿ, ಅಲ್ಲಿಗೆ ತನ್ನಿ. ನಮ್ಮ ಊರಿನ ಕಥೆ ಎಂದರೆ ಎರಡು ಪ್ರತಿ ಬೇಕೆನ್ನುವ ಸದಸ್ಯರಿದ್ದಾರೆ. ಬಿಲ್ಲು ಮಾತ್ರ ಸರಿಯಾಗಿರಬೇಕು, ಪ್ರಕಾಶಕರ ಹೆಸರಿನದು.

ಕರ್ನಾಟಕದ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಇದೆ. ವಯಸ್ಸು ಮತ್ತು ವಾಸಸ್ಥಳದ ನಿಯಮವನ್ನು ಆ ವರ್ಷದ ಪ್ರಕಟಣೆಯಲ್ಲಿ ಓದಿಕೊಂಡು ಅರ್ಜಿ ಹಾಕಿ.

ಹೊಸಂಗಡಿ ವಕೀಲ

ಕರಾರಿಗೆ ನಾನು ಸೂಚಿಸುವ ಬದಲಾವಣೆ ಇಷ್ಟೇ. ಕನ್ನಡದಲ್ಲಿ ಮುದ್ರಿತ ಪುಸ್ತಕ ಮತ್ತು ಇ-ಪುಸ್ತಕದ ಹಕ್ಕು ಮಾತ್ರ, ಐದು ವರ್ಷಕ್ಕೆ. ಅನುವಾದ, ಸಿನಿಮಾ, ನಾಟಕ, ಧ್ವನಿಪುಸ್ತಕ ಲೇಖಕಿಯದೇ. ಪ್ರತಿಗಳು ಮುಗಿದು ಆರು ತಿಂಗಳೊಳಗೆ ಮರುಮುದ್ರಿಸದಿದ್ದರೆ ಹಕ್ಕು ಮರಳಬೇಕು. ವರ್ಷಕ್ಕೊಮ್ಮೆ ಲಿಖಿತ ಮಾರಾಟದ ಲೆಕ್ಕ. ಗ್ರಂಥಾಲಯ ಇಲಾಖೆಯ ಖರೀದಿಗೂ ಗೌರವಧನ ಅನ್ವಯಿಸುತ್ತದೆಂದು ಸ್ಪಷ್ಟವಾಗಿ ಬರೆಸಿ, ಅನೇಕ ಕರಾರುಗಳು ಅಲ್ಲಿ ಮೌನವಾಗಿರುತ್ತವೆ. ಸಿಟ್ಟಿನಿಂದ ಕೇಳಬೇಡಿ. ಒಳ್ಳೆಯ ಪ್ರಕಾಶಕರು ಇದಕ್ಕೆ ಬೇಸರಿಸಿಕೊಳ್ಳುವುದಿಲ್ಲ.

ಬಾಯಾರು ಗುಡ್ಡೆ

ಪ್ರಕಾಶಕರೊಡನೆ ಮಾತನಾಡಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. ಹಳೆಯ ನಮೂನೆಯನ್ನೇ ಎಲ್ಲರಿಗೂ ಕಳುಹಿಸುತ್ತಾ ಬಂದಿದ್ದಾರಂತೆ, ಇದುವರೆಗೆ ಯಾರೂ ಪ್ರಶ್ನಿಸಿರಲಿಲ್ಲವಂತೆ. ಐದು ವರ್ಷಕ್ಕೆ, ಕನ್ನಡದ ಮುದ್ರಣ ಮತ್ತು ಇ-ಪುಸ್ತಕಕ್ಕೆ ಒಪ್ಪಿದ್ದಾರೆ. ಅನುವಾದ, ಸಿನಿಮಾ, ನಾಟಕ ನನ್ನಲ್ಲಿ ಉಳಿಯುತ್ತವೆ. ಧ್ವನಿಪುಸ್ತಕದ ಬಗ್ಗೆ ಅವರು ಪಟ್ಟು ಬಿಡಲಿಲ್ಲ, ಅದರ ಆದಾಯವನ್ನು ಸಮನಾಗಿ ಹಂಚಿಕೊಳ್ಳುವುದೆಂದು ಆಗಿದೆ. 150ರ ಬದಲು 100 ಪ್ರತಿ ಕೊಳ್ಳುತ್ತೇನೆ, 15,000 ರೂಪಾಯಿ. ಅರ್ಧ ಈಗ, ಅರ್ಧ ಪುಸ್ತಕ ಕೈಗೆ ಬಂದ ಮೇಲೆ. ಗ್ರಂಥಾಲಯ ಖರೀದಿಯ ಗೌರವಧನವನ್ನು ಬರೆಸಿದ್ದೇನೆ.

ಮುಳ್ಳೇರಿಯ ಓದುಗ

ಬಹಳ ಸಂತೋಷ. ಕೇಳಿದರೆ ಕೊಡುತ್ತಾರೆಂದು ನಾನು ಎಣಿಸಿರಲಿಲ್ಲ. ಪೆರ್ಲದವರು ಹೇಳಿದ ಪುಸ್ತಕೋತ್ಸವಕ್ಕೆ ಮಳಿಗೆಯಲ್ಲಿ ಕೂರಲು ಜನ ಬೇಕಾದರೆ ನಾನು ಬರುತ್ತೇನೆ.

ಕುಂಬಳೆಯಿಂದ ಮಂಗಳೂರಿಗೆ

ಅಕ್ಕ, ನೀವು ಯೂನಿಕೋಡಿನಲ್ಲಿ ಬರೆದಿದ್ದೀರಿ. ಅನೇಕ ಮುದ್ರಣಾಲಯಗಳು ಈಗಲೂ 'ನುಡಿ' ತಂತ್ರಾಂಶದ ಹಳೆಯ ಅಕ್ಷರ ಶೈಲಿಗೆ ಪರಿವರ್ತಿಸಿಕೊಂಡು ಪುಟ ಕಟ್ಟುತ್ತವೆ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು, ಉದ್ಧರಣ ಚಿಹ್ನೆಗಳು ಕೆಡುತ್ತವೆ. ನಿಮ್ಮ ಕಂಪ್ಯೂಟರಿನಲ್ಲಿ ಸರಿಯಿದ್ದುದು ಪುಟದಲ್ಲಿ ಸರಿಯಿರುತ್ತದೆಂದು ನಂಬಬೇಡಿ. ಪುಟ ಕಟ್ಟಿದ ಮೇಲಿನ ಕರಡನ್ನೇ ಕೇಳಿ ಪಡೆಯಿರಿ, ಮೂಲದ ಪಕ್ಕ ಇಟ್ಟುಕೊಂಡು ಒಬ್ಬರು ಓದಿ ಇನ್ನೊಬ್ಬರು ನೋಡಬೇಕು. ಸರ್ವೆ ನಂಬರುಗಳನ್ನು ವಿಶೇಷವಾಗಿ ನೋಡಿ. ನಿಮ್ಮ ಕಥೆಯಲ್ಲಿ ಒಂದು ಅಂಕೆ ತಪ್ಪಿದರೆ ಕಥೆಯೇ ತಪ್ಪುತ್ತದೆ.

ನೀರ್ಚಾಲು ಮಾಸ್ಟ್ರು

ಆ ಕರಡು ಬಂದಾಗ ಕಾಗದದಲ್ಲಿ ಮುದ್ರಿಸಿ ಬದಿಯಡ್ಕದ ಕಡೆಗೆ ಬರುವವರ ಕೈಯಲ್ಲಿ ಕೊಟ್ಟು ಕಳುಹಿಸಿ, ನಾನು ನೋಡಿಕೊಡುತ್ತೇನೆ. ಮೊಬೈಲಿನಲ್ಲಿ ತಿದ್ದಲು ಕಣ್ಣು ಕೇಳುವುದಿಲ್ಲ. ಅಂಚಿನಲ್ಲಿ ಜಾಗ ಹೆಚ್ಚು ಬಿಡಿ, ಏಕೆಂದರೆ ಸರ್ವೆಯವನು ತೋಟಕ್ಕೆ ಬರುವ ಏಳನೆಯ ಅಧ್ಯಾಯದ ಸಾರಾಂಶವನ್ನು ನೀವು ಬರೆದಿರುವ ರೀತಿ ನೋಡಿದರೆ ಅಲ್ಲಿಯೂ ಎಲ್ಲರೂ ಭಾಷಣ ಮಾಡುತ್ತಿದ್ದಾರೆಂದು ಕಾಣುತ್ತದೆ.